ಒಂದೇ ಒಂದು ಷೇರು ಕೊಡಿ!

"ಐನೂರು ರೂಪಾಯಿ ಇದೆ, ಷೇರು ತಗೋಬಹುದಾ?" ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುವ ಪ್ರಶ್ನೆ ಇದು. ಇವತ್ತಾದರೆ ಧಾರಾಳವಾಗಿ ತಗೋಬಹುದು. ಮೂವತ್ತೈದು ವರ್ಷದ ಹಿಂದೆ ಕೇಳಿದ್ದರೆ ಬ್ರೋಕರ್ ನಕ್ಕು ಸುಮ್ಮನಾಗುತ್ತಿದ್ದ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1850ರ ದಶಕದಲ್ಲಿ ಮುಂಬಯಿಯ ಟೌನ್ ಹಾಲ್ ಎದುರಿನ ಆಲದ ಮರದ ಕೆಳಗೆ ಒಂದಿಷ್ಟು ದಲ್ಲಾಳಿಗಳು ಸೇರುತ್ತಿದ್ದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತು, ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. ಆ ದುಡ್ಡೆಲ್ಲ ಷೇರಿಗೆ ಹರಿಯಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಎಲ್ಲ ಕುಸಿದುಬಿತ್ತು. ಹತ್ತು ವರ್ಷದ ನಂತರ, 1875ರಲ್ಲಿ, ಅದೇ ದಲ್ಲಾಳಿಗಳು ಕಟ್ಟಿಕೊಂಡ ಸಂಘವೇ ಇಂದಿನ ಬಿಎಸ್‌ಇ.

ಸಾಮಾನ್ಯ ಸಂಬಳದಾರ ಈ ಕಡೆ ತಲೆ ಹಾಕಿದ್ದು ಬಹಳ ತಡವಾಗಿ. 1973ರ ಫೆರಾ ಕಾಯ್ದೆಯಿಂದಾಗಿ ಅನೇಕ ವಿದೇಶಿ ಕಂಪನಿಗಳು ತಮ್ಮ ಪಾಲು ಇಳಿಸಿ ಇಲ್ಲಿನ ಜನರಿಗೆ ಷೇರು ಮಾರಬೇಕಾಯಿತು. 1977ರಲ್ಲಿ ರಿಲಯನ್ಸ್ ಹತ್ತು ರೂಪಾಯಿಗೆ ಒಂದರಂತೆ ಷೇರು ಬಿಟ್ಟಿತು. ಹೊಸ ಷೇರಿನ ಬೆಲೆಗೆ ಆಗ ದೆಹಲಿಯ ಸರ್ಕಾರಿ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಈ ಪದ್ಧತಿ ಹೋದದ್ದು 1992ರಲ್ಲಿ.

ಹತ್ತು ರೂಪಾಯಿ ಅಂದ ಮಾತ್ರಕ್ಕೆ ಹತ್ತು ರೂಪಾಯಿ ಹಿಡಿದು ಹೋಗುವ ಹಾಗಿರಲಿಲ್ಲ :) ಷೇರು ಅಂದರೆ ಆಗ ಕಾಗದ. ಐವತ್ತೋ ನೂರೋ ಷೇರುಗಳ 'ಲಾಟ್' ಲೆಕ್ಕದಲ್ಲಿ ವ್ಯಾಪಾರ. ಲಾಟ್‌ಗಿಂತ ಕಡಿಮೆ ಇದ್ದರೆ ಅದು 'ಆಡ್ ಲಾಟ್'. ಕೊಳ್ಳುವವರು ಕಡಿಮೆ, ಸಿಗುವ ಬೆಲೆಯೂ ಕಡಿಮೆ. ಕೊಂಡ ಮೇಲೂ ಷೇರು ಪತ್ರ, ಟ್ರಾನ್ಸ್‌ಫರ್ ಡೀಡ್, ಅದಕ್ಕೆ ಸ್ಟಾಂಪು, ಮಾರಿದವನ ಸಹಿ ಎಲ್ಲವನ್ನೂ ಕಂಪನಿಗೆ ಕಳಿಸಬೇಕು. ಸಹಿ ಸ್ವಲ್ಪ ಸೊಟ್ಟಗಿದ್ದರೂ ಕಾಗದ ವಾಪಸ್!

ನಮ್ಮ ಬೆಂಗಳೂರಿನ ಉದಾಹರಣೆಯನ್ನೇ ನೋಡಿ. 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಒಂದರಂತೆ ಷೇರು ಬಿಟ್ಟಾಗ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ನೂರು ಷೇರಿಗೆ 9,500 ರೂಪಾಯಿ. ಹೆಸರೇ ಕೇಳದ ಕಂಪನಿಗೆ ಅಷ್ಟು ದುಡ್ಡು ಹಾಕಲು ಅಂದಿನ ಗುಮಾಸ್ತನಿಗೋ ಮೇಷ್ಟರಿಗೋ ಧೈರ್ಯ ಬರಲಿಲ್ಲ ಅಂದರೆ ಅವರನ್ನು ದೂರುವುದು ಹೇಗೆ?

ನಂತರ ಬದಲಾವಣೆ ಬೇಗ ಬೇಗ ಬಂತು. 1994ರಲ್ಲಿ ಎನ್‌ಎಸ್‌ಇ ಕಂಪ್ಯೂಟರ್ ಪರದೆಯ ಮೇಲೆ ಷೇರು ವ್ಯಾಪಾರ ಶುರು ಮಾಡಿತು. 1996ರಲ್ಲಿ ಡಿಪಾಸಿಟರಿ ಕಾಯ್ದೆ, ಅದೇ ವರ್ಷ ಎನ್‌ಎಸ್‌ಡಿಎಲ್. ಕಾಗದ ಹೋಗಿ ಡಿಮ್ಯಾಟ್ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷೇರು ಅನ್ನುವುದು ಡೇಟಾಬೇಸಿನ ಒಂದು ಸಾಲಾಯಿತು. ಲಾಟ್ ನೂರರಿಂದ ಒಂದಕ್ಕೆ ಇಳಿಯಿತು. ಸಣ್ಣ ದುಡ್ಡಿನವನಿಗೆ ಬಾಗಿಲು ತೆರೆದದ್ದು ಆಗ. 1963ರಲ್ಲಿ ಹುಟ್ಟಿದ ಬೆಂಗಳೂರು ಷೇರು ವಿನಿಮಯ ಕೇಂದ್ರಕ್ಕೆ ಮಾತ್ರ ಆ ಪರದೆಯ ಮುಂದೆ ನಿಲ್ಲಲಾಗಲಿಲ್ಲ. 2014ರಲ್ಲಿ ಅದು ಮುಚ್ಚಿತು.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಅರ್ಧವೇ ಆದೀತು. 2024ರಲ್ಲಿ ಸೆಬಿ ಒಂದು ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ಕಳೆದುಕೊಂಡವರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅದೇ ವರ್ಷ ಸೆಬಿ, ಸೂಚ್ಯಂಕದ ಫ್ಯೂಚರ್ಸ್-ಆಪ್ಷನ್ಸ್ ಕರಾರಿನ ಕನಿಷ್ಠ ಗಾತ್ರವನ್ನು 15 ಲಕ್ಷ ರೂಪಾಯಿಗೆ ಏರಿಸಿತು. ಸಣ್ಣವರನ್ನು ಹೊರಗಿಟ್ಟಿದ್ದ ದೊಡ್ಡ ಲಾಟ್, ಈಗ ಸಣ್ಣವರನ್ನು ಉಳಿಸಲು ವಾಪಸ್ ಬಂತು ನೋಡಿ!

ಕಲಿಯಲು ಹೊರಟವರಿಗೆ ನನ್ನದೊಂದು ಮಾತು. ಒಂದೇ ಒಂದು ಷೇರು ಇದ್ದರೂ ನೀವು ಆ ಕಂಪನಿಯ ಪಾಲುದಾರರೇ. ವಾರ್ಷಿಕ ವರದಿ ನಿಮಗೂ ಬರುತ್ತೆ, ವಾರ್ಷಿಕ ಸಭೆಯಲ್ಲಿ ಮತವೂ ಇದೆ. ಒಂದು ಷೇರು ತಗೊಂಡು, ಆ ವರದಿಯನ್ನು ಕೂತು ಓದಿ. ಅರ್ಥವಾಗದ ಸಾಲಿಗೆ ಗುರುತು ಹಾಕಿ, ಗೊತ್ತಿದ್ದವರನ್ನು ಕೇಳಿ. ಹಿಂದಿನವರು ಇಷ್ಟು ಕಲಿಯಲು ನೂರು ಷೇರಿನ ದುಡ್ಡು ಹಾಕಬೇಕಿತ್ತು.

ಅಂದ ಹಾಗೆ, ನಿಮ್ಮ ಅಜ್ಜನ ಟ್ರಂಕಿನಲ್ಲಿ ಹಳೆಯ ಷೇರು ಪತ್ರಗಳೇನಾದರೂ ಇವೆಯಾ? ಇದ್ದರೆ ರದ್ದಿಗೆ ಹಾಕಬೇಡಿ ಮತ್ತೆ!