ವಾರಾನ್ನದಿಂದ ವಿದ್ಯಾರ್ಥಿವೇತನದವರೆಗೆ



ಊಟಿಯಿಂದ ಗೂಡಲೂರಿಗೆ, ಅಲ್ಲಿಂದ ಮೈಸೂರಿಗೆ ಇಳಿಯುವ ದಾರಿಯಲ್ಲಿ ನಡುವಟ್ಟಂ ಇದೆ. 1860ರ ದಶಕದಲ್ಲಿ ಮಲೇರಿಯಾ ಜ್ವರದ ಔಷಧಿಗಾಗಿ ಸರ್ಕಾರ ಸಿಂಕೋನಾ ಗಿಡಗಳನ್ನು ನೆಡಿಸಿದ ಊರು ಇದು. ಈಗ ಸುತ್ತಮುತ್ತ ಚಹಾ ತೋಟಗಳು. ಇಂಥ ಬೆಟ್ಟದ ಊರುಗಳಲ್ಲಿ ಮಗ ಅಥವಾ ಮಗಳು ಪ್ಲಸ್ ಟು ಪಾಸಾದ ದಿನ, ಸಂತೋಷದ ಜೊತೆಗೇ ಒಂದು ಲೆಕ್ಕವೂ ಶುರುವಾಗುತ್ತದೆ. ಕಾಲೇಜಿನ ಶುಲ್ಕ ಎಷ್ಟು? ಬಸ್ಸಿಗೆ ಎಷ್ಟು? ದೂರದ ಊರಾದರೆ ಇರಲು, ಉಣ್ಣಲು ಎಷ್ಟು? ಎಷ್ಟೋ ಮಕ್ಕಳ ಓದು ನಿಲ್ಲುವುದು ಅಂಕ ಸಾಲದೆ ಅಲ್ಲ, ಈ ಲೆಕ್ಕ ಕೂಡದೆ.

ಈ ಲೆಕ್ಕ ಹೊಸದಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಖರ್ಚಿಗೆ ಭೂಮಿ. ಅಷ್ಟೇ ಅಲ್ಲ, ಊರಿನಲ್ಲಿ ಮದುವೆ ನಡೆದರೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರರ್ಧ ಶಾಲೆಗೆ ಸಲ್ಲಬೇಕೆಂದು ಗೊತ್ತುಮಾಡಿದ್ದರು. ತಮಿಳು ನಾಡಿನಲ್ಲೂ ಹೀಗೆಯೇ. ರಾಜೇಂದ್ರ ಚೋಳನ ಕಾಲದ, ವಿಳುಪ್ಪುರಂ ಜಿಲ್ಲೆಯ ಎಣ್ಣಾಯಿರಂ ಶಾಸನ 270 ಕಿರಿಯ, 70 ಹಿರಿಯ ವಿದ್ಯಾರ್ಥಿಗಳಿಗೂ 14 ಮಂದಿ ಗುರುಗಳಿಗೂ ದಿನದಿನದ ಭತ್ತವನ್ನು ಅಳೆದು ಬರೆದಿದೆ. ಓದುವವನಿಗೆ ಮೊದಲು ಬೇಕಾದದ್ದು ಅನ್ನ ಮತ್ತು ಸೂರು ಎಂಬುದನ್ನು ಎರಡು ನಾಡುಗಳ ಹಿರಿಯರೂ ಅರಿತಿದ್ದರು. ಆದರೆ ಅಲ್ಲಿ ಕಲಿಸುತ್ತಿದ್ದುದು ವೇದಶಾಸ್ತ್ರ. ಆ ಬಾಗಿಲು ತೆರೆದದ್ದು ಕೆಲವೇ ಕುಲದ ಹುಡುಗರಿಗೆ. ಹೊಲ ಉಳುವವರ, ಕಾಡಿನಲ್ಲಿ ಬಾಳುವವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅಲ್ಲಿ ಎಡೆಯಿರಲಿಲ್ಲ.

ಇಂಗ್ಲಿಷ್ ಶಾಲೆಗಳು ಬಂದ ಮೇಲೆ ಕನ್ನಡ ನಾಡಿನ ಬಡ ಹುಡುಗರಿಗೆ ಒದಗಿದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳಲ್ಲಿ ಊಟ. ಎಷ್ಟೋ ಮಂದಿ ಅದರಿಂದಲೇ ಓದಿ ಮುಂದೆ ಬಂದರು. ಆದರೂ ಅದು ದಯೆಯ ಅನ್ನ. ಮನೆಯವರಿಗೆ ಬೇಸರವಾದರೆ ಆ ದಿನ ಉಪವಾಸ. ಜಾತಿಯ ಗೆರೆಯೂ ಹೊಸ್ತಿಲಲ್ಲೇ ಇತ್ತು. ಆ ಕೊರತೆಯನ್ನು ತುಂಬಲು ಹಾಸ್ಟೆಲುಗಳು ಹುಟ್ಟಿದವು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಹಳ್ಳಿಯ ಹುಡುಗರಿಗಾಗಿ ವಿದ್ಯಾರ್ಥಿನಿಲಯ ತೆರೆದರು. ಅದರಿಂದ ಬೆಳೆದ ಜೆ.ಎಸ್.ಎಸ್. ಸಂಸ್ಥೆಯ ಔಷಧ ವಿಜ್ಞಾನದ ಕಾಲೇಜು ಇಂದು ನಮ್ಮ ಊಟಿಯಲ್ಲೂ ಇದೆ.

ದಯೆ ಹಕ್ಕಾದ ಕಥೆ ಇನ್ನೊಂದು. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಯುವಕ ಭೀಮರಾವ್ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕಕ್ಕೆ ಕಳುಹಿಸಿದರು. ಒಬ್ಬ ರಾಜ ಮೆಚ್ಚಿದ್ದರಿಂದ ಒಬ್ಬ ಹುಡುಗ ಓದಿದ. ರಾಜ ಮೆಚ್ಚದ ಮಕ್ಕಳ ಗತಿಯೇನು? ಅಂಬೇಡ್ಕರರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾದಾಗ ಇದಕ್ಕೆ ಉತ್ತರ ಹುಡುಕಿದರು. 1944ರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ಓದಿಗೆ ಸರ್ಕಾರಿ ವಿದ್ಯಾರ್ಥಿವೇತನ ಆರಂಭವಾಯಿತು. ಮುಂದೆ ಅದು ಪರಿಶಿಷ್ಟ ಪಂಗಡಗಳಿಗೂ ಹಿಂದುಳಿದ ವರ್ಗಗಳಿಗೂ ಹಬ್ಬಿತು. ನೀಲಗಿರಿಯ ಪಣಿಯ, ಕಾಟ್ಟುನಾಯಕ, ಇರುಳ, ಕುರುಂಬ, ತೋಡ, ಕೋತ ಮಕ್ಕಳಿಗೂ, ಬಡಗರ ಮಕ್ಕಳಿಗೂ ಕಾಲೇಜಿನ ದಾರಿ ತೋರಿದ ದೀಪಗಳಲ್ಲಿ ಇದೂ ಒಂದು. 1955ರಲ್ಲಿ ಊಟಿಯಲ್ಲಿ ಸರ್ಕಾರಿ ಕಲಾ ಕಾಲೇಜು ತೆರೆದ ಮೇಲೆ ಆ ದಾರಿ ಇನ್ನಷ್ಟು ಹತ್ತಿರವಾಯಿತು.

ಇತ್ತೀಚಿನ ವರ್ಷಗಳಲ್ಲಿ ತಮಿಳುನಾಡು ಸರ್ಕಾರ ಕೆಲವು ಹೊಸ ಬಾಗಿಲುಗಳನ್ನು ತೆರೆದಿದೆ. ಮನೆತನದಲ್ಲಿ ಯಾರೂ ಪದವಿ ಪಡೆಯದಿದ್ದರೆ, ಕೌನ್ಸೆಲಿಂಗ್ ಮೂಲಕ ವೃತ್ತಿಶಿಕ್ಷಣಕ್ಕೆ ಸೇರುವ ಮೊದಲಿಗರಿಗೆ ಬೋಧನಾ ಶುಲ್ಕದ ರಿಯಾಯಿತಿ 2010ರಲ್ಲಿ ಬಂತು. ಇದಕ್ಕೆ ಬೇಕಾದದ್ದು ‘ಮುದಲ್ ಪಟ್ಟದಾರಿ’ ಸರ್ಟಿಫಿಕೇಟ್. ಇದಕ್ಕೆ ಜಾತಿಯ ನಿರ್ಬಂಧವಿಲ್ಲ. ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡರವರೆಗೆ ಓದಿದವರಿಗೆ ವೈದ್ಯಕೀಯದಲ್ಲಿ ಶೇಕಡಾ 7.5 ಸೀಟುಗಳ ಮೀಸಲಾತಿ 2020ರಲ್ಲೂ, ಎಂಜಿನಿಯರಿಂಗ್ ಮುಂತಾದ ವೃತ್ತಿಶಿಕ್ಷಣದಲ್ಲಿ 2021ರಲ್ಲೂ ಜಾರಿಯಾಯಿತು. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,000 ರೂಪಾಯಿಯ ‘ಪುದುಮೈ ಪೆಣ್’ 2022ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಗಂಡುಮಕ್ಕಳಿಗೆ ಅಷ್ಟೇ ಹಣದ ‘ತಮಿಳ್ ಪುದಲ್ವನ್’ 2024ರ ಆಗಸ್ಟಿನಲ್ಲಿ. ಬಸ್ಸಿಗೆ, ಊಟಕ್ಕೆ ಆಗುವ ಈ ತಿಂಗಳ ಹಣ ಒಂದು ರೀತಿಯಲ್ಲಿ ಎಣ್ಣಾಯಿರಂ ಶಾಸನದ ಭತ್ತದ ಹಾಗೆಯೇ. ವ್ಯತ್ಯಾಸವೆಂದರೆ, ಅಂದು ಹೊರಗೆ ನಿಂತಿದ್ದವರ ಮಗಳು ಇಂದು ಪಟ್ಟಿಯ ಒಳಗಿದ್ದಾಳೆ.

ಇಷ್ಟೂ ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲ. 2001ರಲ್ಲಿ ಬ್ಯಾಂಕುಗಳು ಇದಕ್ಕೊಂದು ಮಾದರಿ ಯೋಜನೆ ಮಾಡಿಕೊಂಡವು. ಆದರೆ ಸಾಲ ಸಾಲವೇ. ಓದುವಾಗ ಕಂತು ಕಟ್ಟದಿದ್ದರೂ ಬಡ್ಡಿ ಬೆಳೆಯುತ್ತಿರುತ್ತದೆ. ಬಡ ಕುಟುಂಬಗಳಿಗೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಲ್ಲಿ ಬಂತು. ಅದು ನಿಮಗೆ ಸಿಗುವುದೇ ಎಂದು ಬ್ಯಾಂಕಿನಲ್ಲಿ ಕೇಳಿಯೇ ಸಹಿ ಹಾಕಿ. ತೀರಿಸಬೇಕಿಲ್ಲದ ಹಣವನ್ನೆಲ್ಲ ಮೊದಲು ಕೇಳಿ, ಸಾಲವನ್ನು ಕೊನೆಗೆ ಇಟ್ಟುಕೊಳ್ಳುವುದು ಜಾಣತನ.

ಇನ್ನೊಂದು ಮಾತು. ಹಿಂದೆ ಸಹಾಯ ಪಡೆಯಲು ದೊಡ್ಡವರ ಪರಿಚಯ ಬೇಕಿತ್ತು. ಈಗ ಬೇಕಾದದ್ದು ಕಾಗದ. ಜಾತಿ ಸರ್ಟಿಫಿಕೇಟ್, ಆದಾಯದ ಸರ್ಟಿಫಿಕೇಟ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಒಂದರಲ್ಲಿ ಕನ್ನಡದ ಉಚ್ಚಾರದ ಹೆಸರು, ಇನ್ನೊಂದರಲ್ಲಿ ತಮಿಳಿನ ಉಚ್ಚಾರದ ಹೆಸರು ಇದ್ದರೆ ಹಣ ಅಲ್ಲೇ ನಿಲ್ಲಬಹುದು. ಎರಡು ಭಾಷೆಯ ನಡುವೆ ಬಾಳುವ ನಮಗೆ ಇದು ಸಣ್ಣ ವಿಷಯವಲ್ಲ. ಮಗು ಹನ್ನೊಂದನೆಯ ತರಗತಿಯಲ್ಲಿರುವಾಗಲೇ ಎಲ್ಲ ಕಾಗದಗಳನ್ನೂ ಒಂದೆಡೆ ಇಟ್ಟು ನೋಡಿ. ತಪ್ಪಿದ್ದರೆ ಆಗಲೇ ತಿದ್ದಿಸಿ. ಆದಾಯದ ಮಿತಿ, ಅರ್ಜಿಯ ಕೊನೆಯ ದಿನ ವರ್ಷವರ್ಷಕ್ಕೂ ಬದಲಾಗಬಹುದು. ಶಾಲೆಯಲ್ಲೋ ಇ-ಸೇವೈ ಕೇಂದ್ರದಲ್ಲೋ ವಿಚಾರಿಸಿ.

ಕೇಳಲು ಸಂಕೋಚ ಬೇಡ. ವಾರಾನ್ನ ಬೇಡಿ ಉಣ್ಣುವುದಾಗಿತ್ತು. ಇದು ಕೇಳಿ ಪಡೆಯುವ ಪಾಲು.