ಹೆಗ್ಗೋಡಿನ ತೆರೆ, ಗುಲಾಬಿಯ ಟಿ.ವಿ.

ಕಡೂರು, ತರೀಕೆರೆಯವರು ತಾಳಗುಪ್ಪದ ರೈಲು ಹತ್ತಿದರೆ ನೇರವಾಗಿ ಸಾಗರಕ್ಕೆ ಹೋಗಿ ಇಳಿಯಬಹುದು. ಅಜ್ಜಂಪುರದವರು ಮಾತ್ರ ಬೀರೂರಿಗೆ ಬಂದು ಗಾಡಿ ಬದಲಿಸಬೇಕು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ, ಅಡಿಕೆ ತೋಟಗಳ ನಡುವೆ, ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿದರು. ರೇ, ಕುರೊಸಾವಾ, ಡಿ ಸಿಕಾ ಅವರ ಚಿತ್ರಗಳನ್ನು ಹಳ್ಳಿಯ ಜನ ಕೂತು ನೋಡಿದರು.

ಇದನ್ನು ಪವಾಡವೆಂಬಂತೆ ಹೇಳುವುದು ರೂಢಿ. ಪವಾಡವೇನೂ ಇಲ್ಲ. ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948) ಚಿತ್ರದಲ್ಲಿ ರೋಮ್ ನಗರದ ನಿರುದ್ಯೋಗಿಯೊಬ್ಬನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಕೆಲಸಕ್ಕೆ ಸೈಕಲ್ ಬೇಕು. ಅಡವಿನಲ್ಲಿದ್ದ ಸೈಕಲ್ ಬಿಡಿಸಲು ಹೆಂಡತಿ ಮನೆಯ ಹಾಸುಬಟ್ಟೆಗಳನ್ನೇ ಒತ್ತೆ ಇಡುತ್ತಾಳೆ. ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಒತ್ತೆಯ ಸಂಕಟ ತಿಳಿದ ರೈತನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹೊಸದೇನಾದರೂ ಇದ್ದರೆ ಅದು ನೋಡುವ ಕ್ರಮ: ಯಾವ ಚಿತ್ರ ಬರಬೇಕೆಂಬುದನ್ನು ಊರಿನವರೇ ಆರಿಸಿದರು, ರಸಗ್ರಹಣ ಶಿಬಿರಗಳಲ್ಲಿ ಕನ್ನಡದಲ್ಲೇ ಅದನ್ನು ಚರ್ಚಿಸಿದರು.

ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ದೇಶ ಉದಾರೀಕರಣದ ಬಾಗಿಲು ತೆರೆದದ್ದೂ ಅದೇ ವರ್ಷ. ಉಪಗ್ರಹ ವಾಹಿನಿಗಳು ಹಿಂದೆಯೇ ಬಂದವು. ಜಗತ್ತು ಈಗ ಆರಿಸಿಕೊಳ್ಳುವ ಮೊದಲೇ ಮನೆಯೊಳಗಿತ್ತು. ಇದರಿಂದ ಕೇಡೇ ಆಯಿತೆಂದು ನಾನು ಹೇಳಲಾರೆ. ಚಿತ್ರಸಮಾಜದ ತೆರೆ ಎಷ್ಟು ಮಂದಿಯನ್ನು ಮುಟ್ಟೀತು? ಇಂದು ತರೀಕೆರೆಯ ಹುಡುಗಿ ಫೋನಿನಲ್ಲೇ ಕೊರಿಯಾದ ಚಿತ್ರ ನೋಡುತ್ತಾಳೆ. ಆದರೆ ಪಕ್ಕದಲ್ಲಿ ಕೂತು ಜಗಳವಾಡುವವರಿಲ್ಲ.

ಈ ಬದಲಾವಣೆಯನ್ನು ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಹಿಡಿದಷ್ಟು ಚೆನ್ನಾಗಿ ಯಾವ ಪ್ರಬಂಧವೂ ಹಿಡಿದಿಲ್ಲ. ವೈದೇಹಿಯವರ ಮೂಲ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿ ಅದನ್ನು ಬಣ್ಣದ ಟಿ.ವಿ. ಮತ್ತು ಡಿಶ್ ಆಗಿಸಿದರು. ಕುಂದಾಪುರ ಕಡೆಯ ಮೀನುಗಾರರ ಕುದುರು, ಕಾರ್ಗಿಲ್ ಯುದ್ಧದ ಹೊತ್ತು. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಬಂದ ಟಿ.ವಿ.ಯ ಮುಂದೆ ಸೂಲಗಿತ್ತಿ ಗುಲಾಬಿಯ ಗುಡಿಸಲಿನಲ್ಲಿ ನೆರೆಯ ಹೆಂಗಸರು ಸೇರುತ್ತಾರೆ. ಹೊರಗೆ ದೊಡ್ಡ ಟ್ರಾಲರುಗಳು ಸಣ್ಣ ದೋಣಿಯವರ ಮೀನು ಬಾಚುತ್ತಿವೆ. ಆ ಸಿಟ್ಟು ಧರ್ಮದ ಬಣ್ಣ ತಳೆದು ಮುಸ್ಲಿಂ ಹೆಂಗಸಾದ ಗುಲಾಬಿಯನ್ನು ಕುದುರಿನಿಂದಲೇ ಓಡಿಸುತ್ತದೆ. ಉಮಾಶ್ರೀಯವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಕೊನೆಯ ದೃಶ್ಯದಲ್ಲಿ, ಹಿಂದೆ ಟಿ.ವಿ. ಬೇಡವೆಂದಿದ್ದ ಇಬ್ಬರು ಮುದುಕಿಯರು ಅವಳಿಲ್ಲದ ಮನೆಯೊಳಗೆ ಹೋಗುತ್ತಾರೆ, ಚಿತ್ರ ನೋಡೋಣವೆಂದು. ಇನ್ನು ಅಲ್ಲಿ ಚಿತ್ರ ಕಾಣದೆಂಬುದು ಅವರಿಗೆ ಗೊತ್ತಿಲ್ಲ.