ದಾದ್ ಅಕ್ಷರವೂ ಕರಾವಳಿಯ ಳಕಾರವೂ

ಕುರ್‌ಆನ್ ಪಾರಾಯಣ ಕಲಿಕೆಯ ಬುಡದಲ್ಲಿರುವುದು ಮಖ್ರಜ್, ಅಂದರೆ ಅಕ್ಷರಗಳ ಉಚ್ಚಾರಣಸ್ಥಾನ. ಅರಬಿ ವ್ಯಾಕರಣಕಾರ ಸೀಬವೈಹಿ 16 ಸ್ಥಾನಗಳನ್ನು ಹೇಳಿದರು, ಪಾರಾಯಣಶಾಸ್ತ್ರದ ವಿದ್ವಾಂಸ ಇಬ್ನುಲ್ ಜಝರಿ (1350–1429) 17ನ್ನು ಒಪ್ಪಿದರು. ಈ ಎಣಿಕೆಯ ಭೇದ ಕಲಿಯುವವರನ್ನು ಕಾಡುವುದಿಲ್ಲ. ಕಾಡುವುದು ದಾದ್ ಎಂಬ ಒಂದೇ ಅಕ್ಷರ. ನಮಾಝಿನ ಪ್ರತಿ ಆವರ್ತನದಲ್ಲೂ, ಅಂದರೆ ರಕಅತ್‌ನಲ್ಲೂ, ಓದುವ ಫಾತಿಹಾ ಅಧ್ಯಾಯದ ಕೊನೆಯ ಪದದಲ್ಲೇ ಅದು ಬರುತ್ತದೆ. ದಿನದ 17 ಕಡ್ಡಾಯ ರಕಅತ್‌ಗಳಲ್ಲಿ ಯಾವುದರಲ್ಲೂ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ.

ನಾಲಗೆಯ ಬದಿ ಮೇಲಿನ ದವಡೆಹಲ್ಲುಗಳಿಗೆ ತಾಗಿ ದಾದ್ ಹುಟ್ಟುತ್ತದೆ ಎಂಬುದು ತಜ್ವೀದ್ (ಪಾರಾಯಣ ನಿಯಮಗಳ) ಗ್ರಂಥಗಳ ವಿವರಣೆ. ಇಂದು ಹೆಚ್ಚಿನ ಕಾರಿಗಳ (ಪಾರಾಯಣಕಾರರ) ಬಾಯಲ್ಲಿ ಕೇಳುವುದು ದಪ್ಪನೆಯ ದಕಾರ. ಪ್ರಾಚೀನ ದಾದ್ ಪಾರ್ಶ್ವಿಕ ಘರ್ಷಧ್ವನಿಯಾಗಿತ್ತು ಎಂದು ರಿಚರ್ಡ್ ಸ್ಟೈನರ್ 1977ರಲ್ಲಿ ವಿಸ್ತಾರವಾಗಿ ವಾದಿಸಿದರು. ಅಲ್-ಕಾದಿ ಎಂಬುದು ಸ್ಪ್ಯಾನಿಷಿನಲ್ಲಿ ‘ಅಲ್ಕಾಲ್ದೆ’ ಆಗಿ ಲಕಾರ ಪಡೆದದ್ದು ಈ ಪಕ್ಷದ ಹೆಸರಾಂತ ಸಾಕ್ಷ್ಯ. ಮಲಬಾರಿನಲ್ಲೂ ದಕ್ಷಿಣ ಕನ್ನಡದ ಬ್ಯಾರಿಗಳಲ್ಲೂ ದಾದ್ ಇರುವ ರಮದಾನ್ ಪದವನ್ನು ‘ರಮಳಾನ್’ ಎನ್ನುತ್ತಾರೆ. ಹಾಗಾದರೆ ಹಳೆಯ ದಾದ್ ನಮ್ಮ ಕರಾವಳಿಯಲ್ಲಿ ಉಳಿದಿದೆಯೇ?

ಅಷ್ಟು ದೂರ ಹೋಗಲಾಗದು ಎಂಬುದೇ ಈ ಲೇಖನದ ವಾದ. ಅದೇ ಜನ ಮಧ್ಯಾಹ್ನದ ನಮಾಝನ್ನು ‘ಳುಹರ್’ ಎನ್ನುತ್ತಾರೆ. ಆ ಪದದಲ್ಲಿರುವುದು ದಾದ್ ಅಲ್ಲ, ಝಾ ಎಂಬ ಇನ್ನೊಂದು ಅಕ್ಷರ. ಝಾದ ಸ್ಥಾನ ನಾಲಗೆಯ ತುದಿ ಮತ್ತು ಮೇಲಿನ ಮುಂಬಲ್ಲುಗಳ ಅಂಚು. ಮಖ್ರಜ್ ಶಾಸ್ತ್ರವನ್ನು ಎಷ್ಟು ನಿಷ್ಠೆಯಿಂದ ಕಲಿಸಿದರೂ ಳಕಾರ ಹುಟ್ಟದು. ಆದ್ದರಿಂದ ‘ಳುಹರ್’ ಪಾಠದಿಂದ ಬಂದದ್ದಲ್ಲ, ದಾದ್ ಮತ್ತು ಝಾ ಆಗಲೇ ಒಂದಾಗಿದ್ದ ಯಾವುದೋ ಆಡುಮಾತಿನಿಂದ ಬಂದಿರಬೇಕು. ದಖ್ಖನಿ ಮಾತಿನಲ್ಲೂ ಇವೆರಡು ಬೆರೆತಿವೆ, ಆದರೆ ಪಾರಸಿಯ ದಾರಿಯಲ್ಲಿ ಬಂದು ಜಕಾರವಾಗಿ: ರಂಜಾನ್, ಜುಹರ್.

ಪಾರಾಯಣದ ಶಿಸ್ತು ಇದಕ್ಕೆ ವಿರುದ್ಧ ದಿಕ್ಕಿನದು. ಕರಾವಳಿಯ ಮುಸ್ಲಿಮರು ಬಹುಪಾಲು ಶಾಫಿಈಗಳು. ಆ ಪಂಥದ ಮೂಲಗ್ರಂಥಗಳಲ್ಲೊಂದಾದ ಇಮಾಮ್ ನವವಿಯವರ ‘ಮಿನ್‌ಹಾಜ್’, ಫಾತಿಹಾದಲ್ಲಿ ದಾದ್ ಇರುವಲ್ಲಿ ಝಾ ಓದಿದರೆ ಅದು ಸಿಂಧುವಾಗದು ಎಂಬುದನ್ನೇ ಹೆಚ್ಚು ಸರಿಯಾದ ಅಭಿಪ್ರಾಯವೆನ್ನುತ್ತದೆ. ಆಡುಮಾತಿನಲ್ಲಿ ಒಂದಾದ ಎರಡು ಧ್ವನಿಗಳನ್ನು ನಮಾಝಿನಲ್ಲಿ ಬಿಡಿಸಿ ಹೇಳಲೇಬೇಕು. ಮಗುವಿನ ನಾಲಗೆಯನ್ನು ತಿದ್ದುತ್ತ ಕೂರುವ ಉಸ್ತಾದರ ಶ್ರಮದ ತೂಕ ಇಲ್ಲಿ ತಿಳಿಯುತ್ತದೆ. ‘ರಮಳಾನ್’ ಎಂಬ ಮಾತನ್ನು ಹಿಡಿದು ಪಾರಾಯಣದ ಇತಿಹಾಸ ಬರೆಯುವುದೂ, ಅದನ್ನು ಅಜ್ಞಾನವೆಂದು ತಳ್ಳುವುದೂ ಸಮನಾಗಿ ಅವಸರದ ತೀರ್ಮಾನಗಳು.

ಆ ಆಡುಮಾತು ಎಲ್ಲಿಯದು? ಇಬ್ನುಲ್ ಜಝರಿಯವರ ‘ತಮ್‌ಹೀದ್’ ಒಂದು ಸುಳಿವು ಕೊಡುತ್ತದೆ. ದಾದನ್ನು ದಪ್ಪ ಲಾಮ್ (ಲಕಾರ) ಮಾಡುವವರು ಝೈಲಾದವರು ಮತ್ತು ಅವರಂಥವರು ಎಂದು ಅವರು ದೋಷಗಳ ಪಟ್ಟಿಯಲ್ಲಿ ಗುರುತಿಸಿದ್ದಾರೆ. ಝೈಲಾ ಏಡನ್ ಕೊಲ್ಲಿಯ ಆಫ್ರಿಕನ್ ದಡದ ಬಂದರು; ಮಲಬಾರಿನಂತೆ ಅದೂ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸೇರಿದ್ದು. ಹಾಗಾಗಿ ಕರಾವಳಿಯ ಳಕಾರ ಸ್ಥಳೀಯ ವಿಕಾರವಲ್ಲ, ಪಶ್ಚಿಮ ಸಾಗರದ ಬಂದರುಗಳಲ್ಲಿ ಹಬ್ಬಿದ್ದ ಉಚ್ಚಾರದ ಒಂದು ತುದಿ ಎನ್ನಬಹುದೇನೋ. ಎನ್ನಬಹುದು ಎಂದಷ್ಟೇ ಹೇಳುತ್ತೇನೆ: ಇಬ್ನುಲ್ ಜಝರಿ ಅಲ್ಲಿ ಮಲಬಾರನ್ನು ಹೆಸರಿಸಿಲ್ಲ, ಒಂದೇ ಬಗೆಯ ಬದಲಾವಣೆ ಎರಡು ದಡಗಳಲ್ಲಿ ಬೇರೆಬೇರೆಯಾಗಿಯೂ ಆಗಬಹುದು, ದ್ರಾವಿಡ ಕಿವಿಗೆ ಳಕಾರ ಮೊದಲೇ ಹತ್ತಿರದ್ದು.

ಝಾ ಕೂಡ ಳಕಾರವಾದದ್ದು ಕಡಲಾಚೆಯೋ ಇಲ್ಲಿಯೋ ಎಂಬುದು ಇನ್ನೂ ಇತ್ಯರ್ಥವಾಗಬೇಕು. ಅರಬಿ-ಮಲಯಾಳಂ ಹಸ್ತಪ್ರತಿಗಳಲ್ಲಿ ದೇಸಿ ಪದಗಳ ಳಕಾರಕ್ಕೆ ಯಾವ ಅರಬಿ ಅಕ್ಷರ ಬಳಸಿದ್ದಾರೆ, ಯಾವ ಕಾಲದಿಂದ ಬಳಸಿದ್ದಾರೆ ಎಂಬುದನ್ನು ಪ್ರತಿಪ್ರತಿಯಾಗಿ ನೋಡುವ ಕೆಲಸ ಅದಕ್ಕೆ ಮೊದಲು ಆಗಬೇಕಾದದ್ದು.